ಕಡೆಯ ಕುರ್ಚಿಯ ದನಿ

ಮೈಕ್ ಸೆಟ್ಟಿನವನನ್ನು ಜನ ತಿರುಗಿ ನೋಡುವುದು ಮೈಕು ಕಿರುಚಿದಾಗ ಮಾತ್ರ. ಎಲ್ಲ ಸರಿಯಾಗಿ ನಡೆದರೆ ಅವನು ಅಲ್ಲಿ ಇರಲೇ ಇಲ್ಲ ಎಂದು ಲೆಕ್ಕ. ಇಪ್ಪತ್ತು ವರ್ಷಕ್ಕೂ ಮೇಲಾಯಿತು ನಾನು ಈ ಕೆಲಸ ಮಾಡುತ್ತ. ಹಾನಗಲ್ಲಿನಲ್ಲಿ ಅಂಗಡಿ. ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ತಿರುಗುವುದರಲ್ಲೇ ಅರ್ಧ ಆಯುಷ್ಯ ಮುಗಿದಿದೆ. ಈ ನಾಲ್ಕು ತಾಲೂಕುಗಳಲ್ಲಿ ನಾನು ವೈರು ಎಳೆಯದ ಕಲ್ಯಾಣ ಮಂಟಪ ಇಲ್ಲ, ಶಾಲೆಯ ಅಂಗಳ ಇಲ್ಲ. ಅಷ್ಟಾದರೂ ನನ್ನ ಹೆಸರು ಗೊತ್ತಿರುವವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ವೇದಿಕೆಯಿಂದ ಬರುವ ಕರೆ ಒಂದೇ: “ಏ ಮೈಕ್!” ನಾನೂ ನಾಚಿಕೆಗೆಟ್ಟು ಓಡುತ್ತೇನೆ.

ನನಗೆ ಓದುವ ಚಟ ಹತ್ತಿದ್ದೂ ಇದೇ ಕೆಲಸದಿಂದ. ಒಬ್ಬೊಬ್ಬರು ಗಂಟೆಗಟ್ಟಲೆ ಭಾಷಣ ಮಾಡುವಾಗ ಆಂಪ್ಲಿಫೈಯರಿನ ಹಿಂದೆ ಕುಳಿತವನು ಏನು ಮಾಡಬೇಕು? ಗ್ರಂಥಾಲಯದಿಂದ ತಂದ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಓದುತ್ತೇನೆ. ಕಾದಂಬರಿ, ಕಥೆ, ಸಿಕ್ಕಿದ್ದೆಲ್ಲ. ಓದುತ್ತ ಓದುತ್ತ ಒಂದು ವಿಷಯಕ್ಕೆ ಸಿಟ್ಟು ಬರತೊಡಗಿತು. ಕಥೆಗಳಲ್ಲಿ ಮದುವೆ ಮನೆಯಿಂದ ಹಾಡು ‘ತೇಲಿ ಬರುತ್ತದೆ’. ದೂರದಿಂದ ಧ್ವನಿವರ್ಧಕದ ಸದ್ದು ‘ಅಲೆಅಲೆಯಾಗಿ ಬರುತ್ತದೆ’. ಸ್ವಾಮಿ, ಹಾಡು ತಾನಾಗಿ ತೇಲಿ ಬರುವುದಿಲ್ಲ. ಎರಡು ಹಾರ್ನು, ಒಂದು ಬ್ಯಾಟರಿ, ಸುರುಳಿ ಸುರುಳಿ ವೈರು ಹೊತ್ತು ಬಸ್ಸು ಹತ್ತಿ, ಕಂಡಕ್ಟರನ ಹತ್ತಿರ ಬೈಸಿಕೊಂಡು, ಬೇವಿನ ಮರ ಏರಿ, ಇರುವೆ ಕಚ್ಚಿಸಿಕೊಂಡು ಒಬ್ಬ ಅದನ್ನು ಕಟ್ಟಿರುತ್ತಾನೆ. ಇಷ್ಟು ಪುಸ್ತಕ ಓದಿದ್ದೇನೆ, ಆ ಒಬ್ಬನನ್ನು ನಾನು ಎಲ್ಲೂ ಕಂಡಿಲ್ಲ. ಹಾಡು ಕಿವಿಗೆ ಬಿದ್ದ ಕೂಡಲೇ ನಾಯಕನಿಗೆ ಹಳೆಯ ಪ್ರೀತಿ ನೆನಪಾಗುತ್ತದೆ, ಕಥೆ ಆ ಕಡೆ ಹೊರಟುಹೋಗುತ್ತದೆ.

ಬರೆಯುವವರು ನಮ್ಮನ್ನು ಬಿಟ್ಟುಬಿಡುತ್ತಾರೆ, ಹೋಗಲಿ ಎಂದು ಸುಮ್ಮನಿದ್ದೆ. ಬರೆದೂ ಮಾಯ ಮಾಡಬಹುದು ಎನ್ನುವುದು ಗೊತ್ತಾದದ್ದು ಆಮೇಲೆ. ಅದನ್ನು ಹೇಳುವ ಮೊದಲು ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು.

ನಮ್ಮಜ್ಜ ಸವಣೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಡಂಗುರ ಸಾರುತ್ತಿದ್ದ. ಹಲಗೆ ಬಾರಿಸುತ್ತ, ಗೌಡರ ಮಾತು, ಸರಕಾರದ ಮಾತು, ಎಲ್ಲವನ್ನೂ ಓಣಿ ಓಣಿಗೆ ಮುಟ್ಟಿಸುವುದು ಅವನ ಕೆಲಸ. ಅವನ ದನಿ ಎಲ್ಲರ ಪಡಸಾಲೆಗೂ ಹೋಗುತ್ತಿತ್ತು, ಅವನು ಮಾತ್ರ ಅಂಗಳದಾಚೆ ನಿಲ್ಲಬೇಕಿತ್ತು. ಅಪ್ಪನಿಗೆ ಅದು ಸೇರಲಿಲ್ಲ. ಹಲಗೆಯನ್ನು ಅಟ್ಟಕ್ಕೆ ಎಸೆದು ಹುಬ್ಬಳ್ಳಿಗೆ ಹೋಗಿ ಒಂದು ಹಳೆಯ ಆಂಪ್ಲಿಫೈಯರ್ ತಂದ. ಈಗ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ ಇದೆ, ಹಲಗೆ ಇಲ್ಲ. ಆದರೂ ಎಷ್ಟೋ ಮದುವೆಗಳಲ್ಲಿ ನಮ್ಮನ್ನು ಊಟಕ್ಕೆ ಕರೆಯುವುದು ಕಡೆಯ ಪಂಕ್ತಿಯೂ ಎದ್ದ ಮೇಲೆ. ಜಾತಿಯಿಂದಲೋ ಮೈಕಿನಿಂದಲೋ, ಇವತ್ತಿಗೂ ತಿಳಿಯಲಿಲ್ಲ. ಕೇಳಿದರೆ, ಅಯ್ಯೋ ನೀವು ಕಾಣಲೇ ಇಲ್ಲ ಎನ್ನುತ್ತಾರೆ. ಮೂಲೆಯಲ್ಲಿ ಆಳೆತ್ತರದ ಸ್ಪೀಕರಿನ ಪಕ್ಕ ಕುಳಿತವನು ಹೇಗೆ ಕಾಣುವುದಿಲ್ಲವೋ.

ಅಪ್ಪನ ಜೊತೆ ಅವ್ವ ಹೋಗುತ್ತಿದ್ದಳು. ನನ್ನನ್ನು ಶಾಲೆ ಬಿಡಿಸಬಾರದು ಎಂದು ಇಬ್ಬರೂ ಹಟ ಹಿಡಿದಿದ್ದರಿಂದ ಆ ಕೆಲಸಕ್ಕೆ ನಾನು ಬಂದದ್ದು ತಡವಾಗಿ. ಅವ್ವ ವೈರಿನ ಸುರುಳಿ ಹೊರುತ್ತಿದ್ದಳು, ಬ್ಯಾಟರಿಗೆ ನೀರು ಹಾಕುತ್ತಿದ್ದಳು. ಅವಳ ಮುಖ್ಯ ಕೆಲಸ ಬೇರೆಯೇ ಇತ್ತು. ಕಾರ್ಯಕ್ರಮ ಶುರುವಾಗುವ ಮೊದಲು, ಖಾಲಿ ಕುರ್ಚಿಗಳ ಹಿಂದೆ, ಕಟ್ಟಕಡೆಯ ಕುರ್ಚಿಯ ಹತ್ತಿರ ನಿಲ್ಲುವುದು. ಅಪ್ಪ ವೇದಿಕೆಯ ಮೇಲಿನಿಂದ ಮೈಕಿನಲ್ಲಿ ಕೇಳುತ್ತಿದ್ದ: “ಕಡೀ ಕುರ್ಚೀಗೆ ಕೇಳ್ತೈತೇನು?” ಸರಿ ಇದ್ದರೆ ಅವ್ವ ಸೆರಗಿನ ತುದಿ ಹಿಡಿದು ಕೈ ಮೇಲೆತ್ತಬೇಕು. ಇಲ್ಲದಿದ್ದರೆ ಅಡ್ಡಡ್ಡ ಆಡಿಸಬೇಕು. ಊರವರಿಗೆ ಅವಳು ‘ಮೈಕಿನವನ ಹೆಂಡತಿ’ ಎಂದಷ್ಟೇ ಗೊತ್ತಿತ್ತು.

ಅಪ್ಪನಿಗೆ ಇನ್ನೊಂದು ರೂಢಿ. ಬೇರೆಯವರೆಲ್ಲ ಮೈಕು ಪರೀಕ್ಷೆ ಮಾಡಲು ‘ಹಲೋ ಹಲೋ, ಒನ್ ಟೂ ತ್ರೀ’ ಎನ್ನುತ್ತಾರೆ. ಅಪ್ಪ ಪದ ಹೇಳುತ್ತಿದ್ದ. ಅಲ್ಲೇ ಕಟ್ಟಿದ್ದು, ನಾಲ್ಕು ಸಾಲು. ಬಿಸಿಲಿನ ಬಗ್ಗೆ, ಶಾಮಿಯಾನ ಕಟ್ಟುವವರ ಬಗ್ಗೆ, ತಡವಾಗಿ ಬರುವ ಅತಿಥಿಗಳ ಬಗ್ಗೆ. ಜನ ಬಂದು ಕೂರುವಷ್ಟರಲ್ಲಿ ಅವನ ಪಾಲಿನ ಮೈಕು ಮುಗಿದಿರುತ್ತಿತ್ತು. ಖಾಲಿ ಕುರ್ಚಿಗಳಿಗೆ ಪದ ಹೇಳಿ, ತುಂಬಿದ ಕುರ್ಚಿಗಳಿಗೆ ಮೈಕು ಬಿಟ್ಟುಕೊಟ್ಟು, ಕೆಳಗಿಳಿದು ಆಂಪ್ಲಿಫೈಯರಿನ ಹಿಂದೆ ಕೂರುತ್ತಿದ್ದ. ಒಂದು ಪದವನ್ನು ಮಾತ್ರ ಎಲ್ಲ ಕಡೆಯೂ ಹೇಳುತ್ತಿದ್ದ.

“ಮರದ ಮ್ಯಾಲ ಬಾಯಿ ಕಟ್ಟೇನಿ,
ನೆಲದ ಮ್ಯಾಲ ಉಸಿರ ಇಟ್ಟೇನಿ,
ಆಡಿದ ಮಾತು ಊರಿಗೆಲ್ಲ,
ಆಡಿದವ್ರ ಗುರ್ತು ಯಾರಿಗಿಲ್ಲ.”

ಅರ್ಥ ಕೇಳುವ ಅಗತ್ಯವೇ ಇಲ್ಲ. ಮರದ ಮೇಲೆ ಕಟ್ಟಿದ್ದು ಹಾರ್ನು. ನೆಲದ ಮೇಲೆ ಇಟ್ಟದ್ದು ಬ್ಯಾಟರಿ. ಮನೆಯಲ್ಲಿ ನಾವು ಮಕ್ಕಳು ಅದಕ್ಕೆ ಅಪ್ಪನ ಪದ ಎನ್ನುತ್ತಿದ್ದೆವು. ಅವ್ವ ಏನೂ ಅನ್ನುತ್ತಿರಲಿಲ್ಲ. ಅಪ್ಪ ತೀರಿಕೊಂಡು ಆರೇಳು ವರ್ಷವಾಯಿತು. ಅವನ ಪದಗಳಲ್ಲಿ ನನಗೆ ಪೂರ್ತಿ ಬರುವುದು ಇದೊಂದೇ, ಉಳಿದವು ಅವನ ಜೊತೆಗೇ ಹೋದವು.

ಹೋದ ವರ್ಷ ಶಿಗ್ಗಾಂವಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ವಿಷಯ: ಸಾಹಿತ್ಯದಲ್ಲಿ ಕಾಣದವರು. ಬ್ಯಾನರ್ ನೋಡಿಯೇ ನನಗೆ ನಗು ಬಂತು. ಬೆಳಗ್ಗೆ ಏಳಕ್ಕೇ ಹೋಗಿ ನಾಲ್ಕು ಸ್ಪೀಕರು ನಿಲ್ಲಿಸಿದ್ದೆ, ಹನ್ನೊಂದರವರೆಗೆ ಒಬ್ಬರೂ ಒಂದು ಲೋಟ ಚಹಾ ಬೇಕೇ ಎಂದು ಕೇಳಿರಲಿಲ್ಲ. ಕಾಣದವರ ಬಗ್ಗೆ ಮಾತಾಡಲು ಬಂದವರು ನನ್ನನ್ನು ದಾಟಿ, ನನ್ನ ವೈರನ್ನು ಎಡವಿ, ವೈರನ್ನೇ ಬೈದು ವೇದಿಕೆ ಹತ್ತಿದರು. ಮುಖ್ಯ ಭಾಷಣಕಾರರು ನಿವೃತ್ತ ಪ್ರಾಧ್ಯಾಪಕರು, ಈ ಭಾಗದ ಜನಪದ ಹಾಡುಗಳನ್ನು ಕೂಡಿಸಿ ಪುಸ್ತಕ ಮಾಡಿದವರು. ದನಿ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಮೈಕಿನಿಂದ ಎಷ್ಟು ದೂರ ನಿಲ್ಲಬೇಕು ಎಂಬುದೂ ಅವರಿಗೆ ಗೊತ್ತಿತ್ತು.

ಅವರು ಹೇಳಿದ್ದು ಹೀಗೆ: ನಮ್ಮ ಜನಪದ ಕವಿ ತನ್ನನ್ನು ತಾನೇ ಅಳಿಸಿಕೊಂಡ, ಕಾಣದಿರುವುದೇ ಅವನ ಸಾಧನೆ. ಇದಕ್ಕೆ ಸಾಕ್ಷಿಯಾಗಿ ಒಂದು ಪದ ಇದೆ, ಬಹಳ ಪುರಾತನವಾದದ್ದು, ಬೆಡಗಿನ ಪದ. ಹೀಗೆಂದು ಕಣ್ಣು ಮುಚ್ಚಿ ಶುರು ಮಾಡಿದರು. ಮರದ ಮ್ಯಾಲ ಬಾಯಿ ಕಟ್ಟೇನಿ.

ನನ್ನ ಕೈ ವಾಲ್ಯೂಮಿನ ಮೇಲಿತ್ತು. ಅದು ಎಷ್ಟು ತಿರುಗಿತೋ, ಇಡೀ ಸಭಾಂಗಣ ಕಿವಿ ಮುಚ್ಚಿಕೊಳ್ಳುವಂತೆ ಮೈಕು ಕಿರುಚಿತು. ಇನ್ನೂರು ತಲೆ ನನ್ನ ಕಡೆ ತಿರುಗಿದವು. ಪ್ರಾಧ್ಯಾಪಕರು ಕಣ್ಣು ತೆರೆದು, ನೋಡಪ್ಪಾ ಅಲ್ಲಿ, ಎಂದು ಮೆಲ್ಲಗೆ ಹೇಳಿ ಮತ್ತೆ ಕಣ್ಣು ಮುಚ್ಚಿದರು. ಮರ ಎಂದರೆ ದೇಹವಂತೆ. ಬಾಯಿ ಎಂದರೆ ಆತ್ಮದ ಕರೆ. ನೆಲದ ಮೇಲಿನ ಉಸಿರು ಎಂದರೆ ಯೋಗಸಾಧನೆಯ ಮೊದಲ ಮೆಟ್ಟಿಲು. ನಮ್ಮಪ್ಪನ ಬ್ಯಾಟರಿ ಯೋಗಸಾಧನೆಯಾಗಿ ಕುಳಿತಿತು. ಕಡೆಯ ಸಾಲನ್ನು ಅವರು ಮೂರು ಸಲ ಹೇಳಿದರು, ಮೂರು ಸಲವೂ ಜನ ಚಪ್ಪಾಳೆ ತಟ್ಟಿದರು. ಅವತ್ತು ನನಗೆ ತಿಳಿಯಿತು, ಮನುಷ್ಯನನ್ನು ಬರೆಯದೆ ಬಿಡುವುದಕ್ಕಿಂತ ಕೆಟ್ಟದ್ದು ಅವನನ್ನು ಇನ್ನೇನೋ ಎಂದು ಬರೆಯುವುದು. ಬಿಟ್ಟುಬಿಟ್ಟರೆ ಜಾಗವಾದರೂ ಖಾಲಿ ಇರುತ್ತದೆ, ಮುಂದೆ ಯಾರಾದರೂ ಕೂರಬಹುದು.

ಊಟದ ಹೊತ್ತಿಗೆ ಅವರ ಹತ್ತಿರ ಹೋದೆ. ಆ ಪದ ನಮ್ಮಪ್ಪನದು ಎಂದೆ. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಅಕ್ಕಿಆಲೂರಿನ ಹತ್ತಿರ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳ ಬಾಯಿಂದ ತಾವೇ ಬರೆದುಕೊಂಡದ್ದು ಎಂದರು. ಅದು ನಿಜವೇ ಇರಬೇಕು. ಅಪ್ಪ ಊರ ಮರಕ್ಕೆ ಹಾರ್ನು ಕಟ್ಟಿ ಪದ ಹೇಳಿದರೆ ಸುತ್ತಲಿನ ಗದ್ದೆಗೆಲ್ಲ ಕೇಳುತ್ತಿತ್ತು, ಅವರು ಕಲಿತಿದ್ದಾರೆ. ಇದನ್ನು ವಿವರಿಸಿದೆ. ಪ್ರಾಧ್ಯಾಪಕರು ಹೋಳಿಗೆ ಮುರಿಯುತ್ತ ಹೇಳಿದರು: “ಜನಪದಕ್ಕ ಕರ್ತೃ ಇರೂದಿಲ್ಲಪ್ಪ. ಅದ ಅದರ ದೊಡ್ಡಸ್ತಿಕೆ.”

ನಮ್ಮಪ್ಪ ಇದ್ದನಲ್ಲ ಸರ್ ಎಂದೆ. ಬರೆದಿಟ್ಟದ್ದು ಏನಾದರೂ ಇದೆಯೇ ಎಂದು ಕೇಳಿದರು. ಅಪ್ಪ ಮೂರನೆಯ ಇಯತ್ತೆ, ಸಹಿ ಬಿಟ್ಟರೆ ಏನೂ ಬರೆದವನಲ್ಲ. ಪುಸ್ತಕದ ಎರಡನೆಯ ಮುದ್ರಣ ಆಗುತ್ತಿದೆ, ಪುರಾವೆ ತಂದರೆ ನೋಡೋಣ ಎಂದು ಅವರು ಕೈ ತೊಳೆಯಲು ಎದ್ದರು. ನನಗೆ ಅವತ್ತೂ ಊಟ ಸಿಗಲಿಲ್ಲ. ಹೋಳಿಗೆ ಮುಗಿದಿತ್ತು, ನೀವು ಮೊದಲೇ ಬರಬೇಕಿತ್ತು ಎಂದರು ಬಡಿಸುವವರು.

ಪುರಾವೆ ಎಂದರೆ ದನಿ. ಅಪ್ಪನ ಕಾಲದಲ್ಲಿ ಮದುವೆ, ಬೀಳ್ಕೊಡುಗೆ, ಉರುಸು, ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುವ ಹುಚ್ಚಿತ್ತು. ಕ್ಯಾಸೆಟ್ಟು ಓಡುತ್ತಿದೆಯೋ ಇಲ್ಲವೋ ನೋಡಲು ಅಪ್ಪ ಪರೀಕ್ಷೆಯ ಹೊತ್ತಿನಲ್ಲೇ ಗುಂಡಿ ಒತ್ತಿಬಿಡುತ್ತಿದ್ದ. ಅಂದರೆ ಎಲ್ಲೋ ಒಂದು ಕ್ಯಾಸೆಟ್ಟಿನ ಮೊದಲ ಎರಡು ನಿಮಿಷದಲ್ಲಿ ಅವನು ಇರಲೇಬೇಕು. ನಮ್ಮ ಮನೆಯಲ್ಲಿ ಒಂದೂ ಉಳಿದಿರಲಿಲ್ಲ, ಮಾಡಿಸಿಕೊಂಡವರಿಗೇ ಕೊಟ್ಟುಬಿಡುತ್ತಿದ್ದೆವು. ಅವ್ವನಿಗೆ ಈ ವಿಷಯ ಹೇಳಲಿಲ್ಲ. ಪುಸ್ತಕದಲ್ಲಿ ಹೆಸರು ಅಚ್ಚಾದ ಮೇಲೆ ಒಮ್ಮೆಲೇ ಅವಳ ಮುಂದೆ ಇಡಬೇಕು ಎಂಬ ಆಸೆ.

ಮೊದಲು ಹುಲಗೂರಿಗೆ ಹೋದೆ. ಅಲ್ಲಿಯ ದರ್ಗಾದ ಉರುಸಿಗೆ ಅಪ್ಪ ವರ್ಷಗಟ್ಟಲೆ ಮೈಕು ಕಟ್ಟಿದ್ದ. ಅಲ್ಲಿಯ ಹಿರಿಯರೊಬ್ಬರು ಅಪ್ಪನನ್ನು ಚೆನ್ನಾಗಿ ನೆನೆಸಿಕೊಂಡರು, ಚಹಾ ಕೊಟ್ಟರು, ಪೆಟ್ಟಿಗೆ ತೆಗೆದು ತೋರಿಸಿದರು. ಇದ್ದ ಕ್ಯಾಸೆಟ್ಟುಗಳ ಮೇಲೆಲ್ಲ ಆಮೇಲೆ ಯಾರೋ ಕವ್ವಾಲಿ ತುಂಬಿಸಿದ್ದರು. ಒಂದೊಂದನ್ನೂ ಮೊದಲಿನಿಂದ ಹಾಕಿ ಕೇಳಿದೆ, ಅಪ್ಪನ ಒಂದು ಕೆಮ್ಮೂ ಸಿಗಲಿಲ್ಲ. ಆಮೇಲೆ ಅಕ್ಕಿಆಲೂರು. ಅಲ್ಲಿಯ ಒಂದು ಅಕ್ಕಿ ಗಿರಣಿಯವರ ಮನೆಯ ಮದುವೆಗೆ ಅಪ್ಪ ಮೂರು ದಿನ ಹೋಗಿದ್ದ, ಅದು ನನಗೆ ನೆನಪಿತ್ತು. ಕ್ಯಾಸೆಟ್ಟು ಇದೆಯೇ ಎಂದು ಕೇಳಿದರೆ, ಇದೆ ಬನ್ನಿ ಎಂದು ಗದ್ದೆಗೆ ಕರೆದುಕೊಂಡು ಹೋದರು. ತೆನೆ ಕಟ್ಟಿದ ಭತ್ತದ ಮೇಲೆ, ಗೂಟದಿಂದ ಗೂಟಕ್ಕೆ, ಕಂದು ಬಣ್ಣದ ರೀಲು ಎಳೆದು ಕಟ್ಟಿದ್ದರು. ಗಾಳಿಗೆ ಅದು ಬರ್‍ರೆಂದು ಸದ್ದು ಮಾಡುತ್ತಿತ್ತು. ಗುಬ್ಬಿಗಳು ಹತ್ತಿರ ಬರುವುದಿಲ್ಲ, ಒಳ್ಳೆಯ ಉಪಾಯ ಎಂದು ಗಿರಣಿಯವರು ಹೆಮ್ಮೆಯಿಂದ ಹೇಳಿದರು. ನಮ್ಮಪ್ಪನ ದನಿಯನ್ನು ಗುಬ್ಬಿಗಳಾದರೂ ಲೆಕ್ಕಕ್ಕೆ ತೆಗೆದುಕೊಂಡವಲ್ಲ ಎಂದುಕೊಂಡು ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ನಗು ಬರಲಿಲ್ಲ.

ಕೊನೆಗೆ ಸಿಕ್ಕಿದ್ದು ಹಂಸಭಾವಿಯಲ್ಲಿ, ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ. ಅವರ ಬೀಳ್ಕೊಡುಗೆ ಸಮಾರಂಭದ ಕ್ಯಾಸೆಟ್ಟನ್ನು ಸ್ಟೀಲಿನ ಡಬ್ಬಿಯಲ್ಲಿ, ಡಾಂಬರು ಗುಳಿಗೆ ಹಾಕಿ ಇಟ್ಟಿದ್ದರು. ಹಾಕಿ ಕೇಳಲು ಅವರ ಹತ್ತಿರ ಯಂತ್ರವಿಲ್ಲ, ಆದರೂ ಇಟ್ಟಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ನನ್ನ ಬಗ್ಗೆ ಜನ ನಾಲ್ಕು ಮಾತಾಡಿದ್ದು ಅದೊಂದೇ ದಿನ, ಜೋಪಾನ ಎಂದು ಹೇಳಿ ಕೊಟ್ಟರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಕಳೆದುಹೋದರೆ ನನ್ನನ್ನು ಕೇಳಿ ಎಂದು ನನ್ನ ಹೆಸರು, ಊರು ಬರೆದುಕೊಟ್ಟು ಬಂದೆ.

ಅಂಗಡಿಯಲ್ಲಿ ಹಾಕಿ ಕೇಳಿದೆ. ಅಪ್ಪ ಇದ್ದ. ಮೊದಲು ಎರಡು ಸಲ ಊದಿದ, ಆಮೇಲೆ ಪದ. ಮೂರು ಸಾಲು ಸರಾಗವಾಗಿ ಬಂದವು. ನಾಲ್ಕನೆಯದಕ್ಕೆ ತಡವರಿಸಿದ. ಆಡಿದ ಮಾತು ಊರಿಗೆಲ್ಲ, ಆಡಿದ... ಊರಿಗೆಲ್ಲ... ಎಂದು ನಿಂತ. ಆಮೇಲೆ ಪೂರ್ತಿ ಸಾಲು ಹೇಳಿ, ಖುಷಿಯಿಂದ ನಕ್ಕ. ಅಂದರೆ ಆ ಪದ ಹುಟ್ಟಿದ್ದೇ ಆವತ್ತು, ಆ ಮಾಸ್ತರರ ಶಾಲೆಯ ಅಂಗಳದಲ್ಲಿ. ನನ್ನ ಕಣ್ಣು ತುಂಬಿತು, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಕ್ಯಾಸೆಟ್ಟು ಹಳೆಯದು, ಕೆರಕೆರ ಎನ್ನುತ್ತಿತ್ತು. ಬಸ್ಸಿನ ಹಾರನ್, ಕುರ್ಚಿ ಎಳೆಯುವ ಸದ್ದು, ದೂರದಲ್ಲಿ ಯಾರೋ ಗೊಣಗುವುದು, ಎಲ್ಲ ಸೇರಿಕೊಂಡಿತ್ತು. ಇಂಥದ್ದನ್ನು ಪ್ರಾಧ್ಯಾಪಕರ ಮುಂದೆ ಇಟ್ಟರೆ ಅವರು ಮತ್ತೊಂದು ನೆಪ ಹುಡುಕುತ್ತಾರೆ ಎಂದು ಕಂಪ್ಯೂಟರಿಗೆ ಹಾಕಿ ಸಾಫು ಮಾಡಲು ಕೂತೆ. ಆ ಕೆಲಸದಲ್ಲಿ ನಾನು ಗಟ್ಟಿಗ, ಸುಳ್ಳು ವಿನಯ ಯಾಕೆ? ಎರಡು ದಿನ ಕೂತು ಬೇಡದ ಸದ್ದನ್ನೆಲ್ಲ ಒಂದೊಂದಾಗಿ ಕಿತ್ತು ತೆಗೆದೆ. ಅಪ್ಪನ ದನಿಯೊಂದೇ ಉಳಿಯಿತು, ಅವನು ಪಕ್ಕದಲ್ಲಿ ಕುಳಿತು ಹೇಳಿದಷ್ಟು ಸ್ಪಷ್ಟವಾಗಿ.

ಪ್ರಾಧ್ಯಾಪಕರ ಮನೆಗೆ ಹೋಗಿ ಕೇಳಿಸಿದೆ. ಮೊದಲ ಸಲ ಕೇಳಿ ಅವರು ಹೇಳಿದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಒಳ್ಳೆಯದಾಯಿತು, ನಿಮ್ಮ ತಂದೆಗೂ ಈ ಜನಪದ ಬಾಯಿಪಾಠ ಇತ್ತು ಎಂದಾಯಿತು, ಎಂದರು. ಸಾಕ್ಷಿ ಹೇಳಲು ಬಂದವನ ಮೇಲೆಯೇ ಕಳವಿನ ಆರೋಪ. ಇನ್ನೊಮ್ಮೆ ಕೇಳಿ ಸರ್, ತಡವರಿಸುವುದನ್ನು ಕೇಳಿ ಎಂದು ಮತ್ತೆ ಹಾಕಿದೆ. ಅಪ್ಪ ನಿಂತ ಕಡೆ ಅವರು ಕೈ ಎತ್ತಿದರು. ಮೂರನೆಯ ಸಲ ಅವರೇ ಹಾಕಿಸಿಕೊಂಡರು. ಅವರ ಮುಖ ಬದಲಾಯಿತು. “ಈ ಮೌನ ಕೇಳು,” ಎಂದರು. “ಬಾಯಿಪಾಠ ಮಾಡಿದಂವ ಹಿಂಗ ನಿಲ್ಲೂದಿಲ್ಲ. ಇದು ಕವಿ ಸಾಲು ಹುಡುಕೂ ಮೌನ.” ಸೋತದ್ದನ್ನು ಅವರು ದೊಡ್ಡ ಮನಸ್ಸಿನಿಂದಲೇ ಒಪ್ಪಿಕೊಂಡರು, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ಮುದ್ರಣದಲ್ಲಿ ಪದದ ಕೆಳಗೆ ಕವಿಯ ಹೆಸರು ಹಾಕುವುದಾಗಿ ಹೇಳಿದರು. ಮುನ್ನುಡಿಯಲ್ಲಿ ಆ ಮೌನದ ಬಗ್ಗೆ ಒಂದು ಪುಟ ಬರೆಯುತ್ತೇನೆ ಎಂದರು. ಅಪ್ಪನ ಪೂರ್ತಿ ಹೆಸರು, ಊರು ಬರೆದುಕೊಡಲು ಸೋಮವಾರದವರೆಗೆ ಅವಕಾಶ. ಸಾಫು ಮಾಡಿದ ಒಂದು ಪ್ರತಿಯನ್ನು ಅವರ ಹತ್ತಿರವೇ ಇಟ್ಟು ಬಂದೆ.

ಪುಸ್ತಕ ಬರುವವರೆಗೆ ಕಾಯುವಷ್ಟು ತಾಳ್ಮೆ ನನಗೆ ಉಳಿಯಲಿಲ್ಲ. ಮನೆಗೆ ಬಂದವನೇ ಅವ್ವನನ್ನು ಕೂರಿಸಿದೆ. ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಆದದ್ದನ್ನೆಲ್ಲ ಹೇಳಿ, ಫೋನಿನಲ್ಲಿ ಅಪ್ಪನ ದನಿ ಹಾಕಿದೆ. ಅವ್ವನ ಕೈ ನಿಂತಿತು. ಕೇಳಿ ಮುಗಿಸಿ, ಇನ್ನೊಮ್ಮೆ ಹಾಕು ಎಂದಳು. ಹಾಕಿದೆ. ಅವಳು ಅಳುತ್ತಾಳೆ ಎಂದು ನಾನು ತಯಾರಾಗಿದ್ದೆ.

“ಇದರಾಗ ನಾ ಇದ್ನಲ್ಲ,” ಎಂದಳು. “ಎಲ್ಲಿ ಹೋದ್ನಿ?”

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವತ್ತು ಮುಂಜಾನೆ ನಾಲ್ಕಕ್ಕೆ ಎದ್ದು ಹೋಗಿದ್ದರು. ಮಧ್ಯಾಹ್ನವಾದರೂ ಶಾಲೆಯವರು ನೀರು ಕುಡಿದಿರಾ ಎಂದು ಕೇಳಿರಲಿಲ್ಲ. ಅವಳು ಬಿಸಿಲಿನಲ್ಲಿ ಕಡೆಯ ಕುರ್ಚಿಯ ಹತ್ತಿರ ನಿಂತಿದ್ದಳು. ಕುರ್ಚಿಯಲ್ಲಿ ಕೂತದ್ದಕ್ಕೆ ಯಾರೋ ಬಂದು, ಅದು ಊರವರಿಗೆ ಇಟ್ಟದ್ದು ಎಂದು ಎಬ್ಬಿಸಿದ್ದರು. ಅಪ್ಪ ಮೂರು ಸಾಲು ಕಟ್ಟಿ ನಾಲ್ಕನೆಯದಕ್ಕೆ ಒದ್ದಾಡುತ್ತಿದ್ದ. “ಹೊಟ್ಟ್ಯಾಗ ಸಿಟ್ಟಿತ್ತು. ಅಲ್ಲಿಂದ ಒದರಿದೆ, ಆಡಿದವ್ರ ಗುರ್ತು ಯಾರಿಗಿಲ್ಲ ಅನ್ನು ಅಂತ. ಅಂವ ಅಂದ, ಅಂದು ನಕ್ಕ.”

ಅಂಗಡಿಗೆ ಓಡಿ ಮಾಸ್ತರರ ಕ್ಯಾಸೆಟ್ಟನ್ನು ತಂದು, ಹಳೆಯ ಯಂತ್ರಕ್ಕೆ ಹಾಕಿ, ಕಿವಿಗೆ ಹೆಡ್‌ಫೋನು ಏರಿಸಿ ಕೂತೆ. ಕೆರಕೆರದ ನಡುವೆ, ಅಪ್ಪ ನಿಂತ ಆ ಜಾಗದಲ್ಲಿ, ದೂರದಿಂದ ಒಂದು ಹೆಣ್ಣು ದನಿ. ಪದ ಪದವೂ ಇತ್ತು. ಯಾರೋ ಗೊಣಗುತ್ತಾರೆ ಎಂದು ನಾನು ಮೊದಲು ಕಿತ್ತದ್ದೇ ಅದನ್ನು. ಅದನ್ನು ಕಿತ್ತಾಗ ಎಷ್ಟು ಸಾಫಾಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ನೆನಪಿದೆ. ಪ್ರಾಧ್ಯಾಪಕರು ಒಂದು ಪುಟ ಬರೆಯಲು ಹೊರಟಿದ್ದ ಕವಿಯ ಮೌನವನ್ನು ತಯಾರು ಮಾಡಿದವನು ನಾನು, ಹಾನಗಲ್ಲಿನ ಅಂಗಡಿಯಲ್ಲಿ, ಎರಡು ದಿನ ಕೂತು.

ಸೋಮವಾರಕ್ಕೆ ಕಾಯದೆ ಅವರಿಗೆ ಫೋನು ಮಾಡಿದೆ. ಕಡೆಯ ಸಾಲು ನಮ್ಮವ್ವನದು, ಇಬ್ಬರ ಹೆಸರೂ ಹಾಕಿ ಎಂದೆ. ಸಾಫು ಮಾಡದ ಪ್ರತಿ ಕಳಿಸಿದೆ. ಸಂಜೆ ಅವರೇ ಕರೆ ಮಾಡಿದರು. ಏನೋ ಗುಜುಗುಜು ಅಷ್ಟೇ ಕೇಳುತ್ತದೆ, ಇದರ ಮೇಲೆ ಹೆಸರು ಹಾಕಲು ಬರುವುದಿಲ್ಲ ಎಂದರು. ಆಮೇಲೆ, ಮಗನಿಗೆ ಬುದ್ಧಿ ಹೇಳುವ ಹಾಗೆ ದನಿ ತಗ್ಗಿಸಿ ಹೇಳಿದರು: “ಖರೇ ಹೇಳ್ಬೇಕಂದ್ರ, ಆ ಮೌನನ ಛಲೋ ಇತ್ತು.”

ನಾನು ಅವ್ವನಿಗೆ, ಈ ಸಲಕ್ಕೆ ಅಪ್ಪನ ಹೆಸರಾದರೂ ಬರಲಿ ಎಂದೆ. ಅವಳು ಒಪ್ಪಲಿಲ್ಲ. ಹಾಕಿದರೆ ಎರಡೂ, ಇಲ್ಲದಿದ್ದರೆ ಯಾವುದೂ ಬೇಡ ಎಂದಳು. ಹಾಗಾದರೆ ನಾನೇ ಎಲ್ಲಾದರೂ ಬರೆಯುತ್ತೇನೆ, ಎಲ್ಲರ ಹೆಸರೂ ಹಾಕಿ, ಪ್ರಾಧ್ಯಾಪಕರದ್ದೂ ಸೇರಿಸಿ ಎಂದೆ. ಅದಕ್ಕೂ ಬೇಡವೆಂದಳು. “ತಪ್ಪಾದಲ್ಲೆ ತಿದ್ದಬೇಕು. ಬ್ಯಾರೆ ಕಡೆ ಬರದ್ರ ಅದು ಚಾಡಿ ಆಕ್ಕೈತಿ.” ಅದಕ್ಕೇ ಇಷ್ಟುದ್ದ ಬರೆದರೂ ಇಲ್ಲಿ ಒಬ್ಬರ ಹೆಸರೂ ಇಲ್ಲ. ಓದಿದವರು ಬೈದರೆ ಬೈಯಲಿ. ಸೋಮವಾರ ಪ್ರಾಧ್ಯಾಪಕರಿಗೆ ಅಪ್ಪನ ಹೆಸರನ್ನೂ ಬರೆದುಕೊಡಲಿಲ್ಲ. ಎರಡನೆಯ ಮುದ್ರಣ ಬಂದಿದೆ. ಪದದ ಕೆಳಗೆ ‘ಅಜ್ಞಾತ’ ಎಂದೇ ಇದೆ. ಮುನ್ನುಡಿಯಲ್ಲಿ, ಒಂದು ಹಳೆಯ ಧ್ವನಿಮುದ್ರಣದಲ್ಲಿ ಕೇಳಿದ ಅರ್ಥಗರ್ಭಿತ ಮೌನದ ಬಗ್ಗೆ ಒಂದು ಪುಟ ಇದೆ.

ಆ ಪುಟವನ್ನು ಅವ್ವನಿಗೆ ಓದಿ ಹೇಳುತ್ತ ಪ್ರಾಧ್ಯಾಪಕರನ್ನು ಬಾಯಿಗೆ ಬಂದಂತೆ ಬೈದೆ. ಇಷ್ಟು ಓದಿದವರಿಗೆ ಕಿವಿ ಇಲ್ಲವೇ, ಕಡೆಯ ಕುರ್ಚಿಯಿಂದ ಒಂದು ಮಾತು ಬಂದರೆ ಕೇಳಿಸುವುದಿಲ್ಲವೇ ಎಂದು ಕೂಗಾಡಿದೆ. ಅವ್ವ ಮೊರದಿಂದ ತಲೆ ಎತ್ತಲಿಲ್ಲ.

“ಅವ್ರನ್ನ ಯಾಕ ಬೈತಿ?” ಎಂದಳು. “ನಿಮ್ಮಪ್ಪಗ ನನ್ನ ದನಿ ಕೇಳಿಸ್ತಿತ್ತು. ಅವ್ರಿಗೆ ಕೇಳಿಸ್ಲಿಲ್ಲ, ಅಷ್ಟ. ಅಳಿಸಿದಂವ ನೀ ಅಲ್ಲೇನು?”

ನನ್ನ ಹತ್ತಿರವಿದ್ದ ಸಾಫು ಮಾಡಿದ ಪ್ರತಿಯನ್ನು ಅವತ್ತೇ ತೆಗೆದುಹಾಕಿದೆ. ಪ್ರಾಧ್ಯಾಪಕರ ಹತ್ತಿರ ಇರುವುದು ಹಾಗೇ ಇದೆ. ಹೋದ ಕಡೆಯಲ್ಲೆಲ್ಲ ಅವರು ಅದನ್ನು ಹಾಕಿ ಕೇಳಿಸುತ್ತಾರಂತೆ.